ಒಂದು ನೂಲಿನಷ್ಟು ಕಿಡ್ನಿ, ಏಳೆಂಟು ಬಣ್ಣ

“ದಾರದಷ್ಟು ಮಾಂಸ ತಗದಾರ್ರಿ ಮೇಡಂ. ಅದನ್ನ ನೋಡಾಕ ಇಷ್ಟು ದಿನ ಯಾಕ ಬೇಕ್ರಿ?”

ಲ್ಯಾಬಿನ ಕಿಟಕಿಯ ಹೊರಗೆ ನಿಂತು ಹೀಗೆ ಕೇಳಿದ ಹುಡುಗನಿಗೆ ಇಪ್ಪತ್ತೈದು ಇರಬಹುದು. ಊರು ಕೊಪ್ಪಳದ ಕಡೆ. ಕೆಲಸ ಇಲ್ಲೇ ಬಳ್ಳಾರಿಯಲ್ಲಿ, ಜೀನ್ಸ್ ಹೊಲಿಯುವ ಒಂದು ಘಟಕದಲ್ಲಿ. ಅವನ ತಂದೆಗೆ ಕೆಲವು ವರ್ಷಗಳಿಂದ ಸಕ್ಕರೆ ಕಾಯಿಲೆ. ಈಗ ಮೂರು ತಿಂಗಳಿಂದ ಕಾಲು ಬಾವು. ಬೆಳಿಗ್ಗೆ ಏಳುವಾಗ ಮುಖ ಊದಿರುತ್ತದೆ. ಮೂತ್ರದಲ್ಲಿ ಸೋಪು ಕಲಸಿದ ಹಾಗೆ ನೊರೆ. ಕಿಡ್ನಿ ಬಯಾಪ್ಸಿ ಆಗಿ ಐದು ದಿನ ಆಗಿತ್ತು, ರಿಪೋರ್ಟ್ ಬಂದಿರಲಿಲ್ಲ. (ಯಾರೆಂದು ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ.)

ಅವನ ಪ್ರಶ್ನೆಯಲ್ಲಿ ತಪ್ಪೇನೂ ಇಲ್ಲ. ರಕ್ತ ಪರೀಕ್ಷೆ ಸಂಜೆಗೆ ಬರುತ್ತದೆ, ಸ್ಕ್ಯಾನಿಂಗ್ ಅರ್ಧ ಗಂಟೆಯಲ್ಲಿ ಬರುತ್ತದೆ. ಇದಕ್ಕೆ ಮಾತ್ರ ಯಾಕೆ ಇಷ್ಟು ದಿನ? ಆ ದಿನ ಕಿಟಕಿಯಲ್ಲಿ ನಿಂತು ಎರಡು ಮಾತಲ್ಲಿ ಹೇಳಿದೆ, ಅವನಿಗೆ ಪೂರ್ತಿ ತಿಳಿಯಲಿಲ್ಲ ಅನ್ನಿಸಿತು. ಅದಕ್ಕೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ನನ್ನ ಕೆಲಸ ಹಿಸ್ಟೊಪೆಥಾಲಜಿ, ಅಂದರೆ ಮಾಂಸದ ಚೂರು ಪರೀಕ್ಷಿಸುವ ವಿಭಾಗದ ಟೆಕ್ನಿಷಿಯನ್‌ದು. ರೋಗ ಯಾವುದು ಅಂತ ತೀರ್ಮಾನಿಸುವವರು ಡಾಕ್ಟರು. ಅವರು ನೋಡುವ ಸ್ಲೈಡಿಗೆ ಬಣ್ಣ ಹಾಕುವವಳು ನಾನು.

ಮೊದಲು ಒಂದು ಮಾತು. ನಮ್ಮ ಕಡೆ ಬಯಾಪ್ಸಿ ಅಂದ ತಕ್ಷಣ ಮನೆಯವರ ಮುಖ ಬಾಡುತ್ತದೆ. ಕ್ಯಾನ್ಸರ್ ಅಂತಲೇ ತಿಳಿಯುತ್ತಾರೆ. ಕಿಡ್ನಿಯ ಸೂಜಿ ಬಯಾಪ್ಸಿ ಬಹುತೇಕ ಕ್ಯಾನ್ಸರಿಗೆ ಮಾಡುವುದಲ್ಲ. ಕಿಡ್ನಿಯ ಸೋಸುವ ಕೆಲಸ ಯಾಕೆ ಕೆಟ್ಟಿದೆ ಅಂತ ತಿಳಿಯಲು ಮಾಡುವುದು.

ಒಂದೊಂದು ಕಿಡ್ನಿಯಲ್ಲೂ ಸುಮಾರು 10 ಲಕ್ಷ ಸೋಸುವ ಘಟಕಗಳಿವೆ. ಪ್ರತಿ ಘಟಕದ ತಲೆಯಲ್ಲಿ ಸಣ್ಣ ರಕ್ತನಾಳಗಳ ಒಂದು ಗಂಟು ಇರುತ್ತದೆ. ಉಣ್ಣೆಯ ಉಂಡೆ ಸುತ್ತಿಟ್ಟ ಹಾಗೆ. ಇದರ ಹೆಸರು ಗ್ಲೊಮೆರುಲಸ್. ಅಗಲ ಸುಮಾರು 0.2 ಮಿಲಿಮೀಟರ್, ಒಂದು ಮರಳಿನ ಕಣದಷ್ಟು. ಎರಡೂ ಕಿಡ್ನಿಯ ಈ ಉಂಡೆಗಳು ಸೇರಿ ದಿನಕ್ಕೆ ಸುಮಾರು 180 ಲೀಟರ್ ನೀರನ್ನು ರಕ್ತದಿಂದ ಸೋಸುತ್ತವೆ. ಮುಂದಿನ ನಳಿಕೆಗಳು ಅದರಲ್ಲಿ ಹೆಚ್ಚುಕಮ್ಮಿ ಎಲ್ಲವನ್ನೂ ವಾಪಸ್ ಹೀರಿಕೊಳ್ಳುತ್ತವೆ. ಒಂದೂವರೆ, ಎರಡು ಲೀಟರ್ ಮಾತ್ರ ಮೂತ್ರವಾಗಿ ಹೊರಗೆ ಹೋಗುತ್ತದೆ. ಈ ಸೋಸುವ ಬಟ್ಟೆ ಎಲ್ಲೋ ಸಡಿಲವಾದರೆ ರಕ್ತದ ಪ್ರೋಟೀನ್ ಸೋರುತ್ತದೆ. ಮೂತ್ರದ ನೊರೆ, ಕಾಲಿನ ಬಾವು ಎರಡಕ್ಕೂ ಮೂಲ ಅದೇ.

ಸೋರುತ್ತಿದೆ ಅಂತ ಮೂತ್ರ ಪರೀಕ್ಷೆ ಹೇಳುತ್ತದೆ. ಎಷ್ಟು ಕೆಟ್ಟಿದೆ ಅಂತ ರಕ್ತದಲ್ಲಿನ ಕ್ರಿಯಾಟಿನಿನ್ ಎಂಬ ಕಸದ ಅಳತೆ ಹೇಳುತ್ತದೆ. ಯಾಕೆ ಸೋರುತ್ತಿದೆ ಅಂತ ಎಷ್ಟೋ ಸಲ ಎರಡೂ ಹೇಳುವುದಿಲ್ಲ. ಸಕ್ಕರೆ ಕಾಯಿಲೆಯಿಂದ ಇರಬಹುದು, ಮೈಯ ರೋಗನಿರೋಧಕ ಶಕ್ತಿ ಮೈಮೇಲೇ ತಿರುಗಿಬೀಳುವ ಲೂಪಸ್ ಇರಬಹುದು, ಐಜಿಎ ಎಂಬ ಪ್ರೋಟೀನ್ ಕಿಡ್ನಿಯಲ್ಲಿ ಕೂರುವ ಐಜಿಎ ಕಾಯಿಲೆ ಇರಬಹುದು, ಇನ್ನೂ ಹತ್ತಾರು ಇವೆ. ಹೊರಗಿನಿಂದ ಎಲ್ಲಕ್ಕೂ ಅದೇ ನೊರೆ, ಅದೇ ಬಾವು. ಔಷಧಿ ಮಾತ್ರ ಬೇರೆ ಬೇರೆ. ಒಂದಕ್ಕೆ ಸ್ಟಿರಾಯ್ಡ್ ಕೊಟ್ಟರೆ ವಾರಗಳಲ್ಲಿ ಸುಧಾರಿಸುತ್ತದೆ. ಇನ್ನೊಂದಕ್ಕೆ ಅದೇ ಸ್ಟಿರಾಯ್ಡ್ ಕೊಟ್ಟರೆ ಉಪಯೋಗ ಇಲ್ಲ, ಸಕ್ಕರೆ ಏರುವುದಷ್ಟೇ ಲಾಭ.

ಈ ಹುಡುಗನ ತಂದೆಗೆ ಸಕ್ಕರೆ ಕಾಯಿಲೆ ಇದ್ದೇ ಇತ್ತು. ಹಾಗಾದರೆ ಕಿಡ್ನಿ ಕೆಟ್ಟದ್ದೂ ಅದರಿಂದಲೇ ಅಂತ ಬಿಡಬಹುದಿತ್ತು. ಆದರೆ ಸಕ್ಕರೆಯಿಂದ ಕಿಡ್ನಿ ಕೆಟ್ಟವರಿಗೆ ಸಾಮಾನ್ಯವಾಗಿ ಕಣ್ಣಿನ ಪರದೆಯೂ ಕೆಟ್ಟಿರುತ್ತದೆ. ಇವರ ಪರದೆ ನೋಡಿದರೆ ಸಕ್ಕರೆಯ ಗುರುತೇ ಇರಲಿಲ್ಲ. ಪ್ರೋಟೀನ್ ಬೇರೆ ಏಕಾಏಕಿ ಏರಿತ್ತು. ಎರಡೂ ತಾಳೆ ಆಗದೆ ಕಿಡ್ನಿ ಡಾಕ್ಟರು ಬಯಾಪ್ಸಿಗೆ ಬರೆದರು. ಒಳ್ಳೆಯ ಡಾಕ್ಟರು ಅಂತ ನನಗೆ ಅನ್ನಿಸಿದ್ದು ಅಲ್ಲೇ.

ಜೀವಂತ ಮನುಷ್ಯರ ಕಿಡ್ನಿಯಿಂದ ಸೂಜಿಯಲ್ಲಿ ಚೂರು ತೆಗೆಯುವ ವಿಧಾನವನ್ನು ಡೆನ್ಮಾರ್ಕಿನ ಇವರ್ಸನ್ ಮತ್ತು ಬ್ರೂನ್ 1951ರಲ್ಲಿ ಪ್ರಕಟಿಸಿದರು. ಅವರು ರೋಗಿಯನ್ನು ಕೂರಿಸಿ ಮಾಡುತ್ತಿದ್ದರು. 1954ರಲ್ಲಿ ಕಾರ್ಕ್ ಮತ್ತು ಮ್ಯೂರ್ಕೆ ಎಂಬ ಡಾಕ್ಟರುಗಳು ರೋಗಿಯನ್ನು ಬೋರಲು ಮಲಗಿಸಿ ಮಾಡಿದರು. ಚೂರು ಸರಿಯಾಗಿ ಸಿಗುವುದು ಬಹಳ ಜಾಸ್ತಿಯಾಯಿತು. ಇವತ್ತಿಗೂ ಬೋರಲು ಮಲಗಿಸಿಯೇ ಮಾಡುವುದು ವಾಡಿಕೆ, ಜೊತೆಗೆ ಅಲ್ಟ್ರಾಸೌಂಡ್ ನೋಡಿಕೊಂಡು. ಸೂಜಿ ಹಾಕುವ ಜಾಗಕ್ಕೆ ಮರಗಟ್ಟುವ ಇಂಜೆಕ್ಷನ್ ಕೊಡುತ್ತಾರೆ. ಕೈಗೆ ಬರುವುದು ಒಂದೂವರೆ ಸೆಂಟಿಮೀಟರ್ ಆಸುಪಾಸಿನ, ದಪ್ಪ ದಾರದಂಥ ಎರಡು ಎಳೆ. ಆ ಹುಡುಗ ದಾರದಷ್ಟು ಅಂದಿದ್ದು ಸರಿಯಾದ ಅಳತೆಯೇ.

ಈ ಎರಡು ಎಳೆಯನ್ನು ಅಲ್ಲೇ, ಆ ಕೋಣೆಯಲ್ಲೇ ಭಾಗ ಮಾಡಬೇಕು. ದೊಡ್ಡ ಭಾಗ ಫಾರ್ಮಲಿನ್‌ಗೆ. ಇನ್ನೊಂದು ಚೂರು ಮಿಶೆಲ್ಸ್ ಎಂಬ ದ್ರಾವಣಕ್ಕೆ. ಎಲೆಕ್ಟ್ರಾನ್ ಮೈಕ್ರೋಸ್ಕೋಪಿಗೆ ಕಳಿಸುವುದಿದ್ದರೆ ಒಂದು ಮಿಲಿಮೀಟರಿನಷ್ಟು ಚೂರು ಗ್ಲುಟರಾಲ್ಡಿಹೈಡ್‌ಗೆ. ಫಾರ್ಮಲಿನ್ ಮಾಂಸದೊಳಗಿನ ಪ್ರೋಟೀನುಗಳನ್ನು ಒಂದಕ್ಕೊಂದು ಬಿಗಿದು ಕೊಳೆಯದಂತೆ ಕಾಪಾಡುತ್ತದೆ. ಅದೇ ಬಿಗಿತದಿಂದ ಕೆಲವು ಪ್ರೋಟೀನುಗಳ ಗುರುತು ಮುಚ್ಚಿಹೋಗುತ್ತದೆ. ಅಂಥ ಗುರುತು ಹುಡುಕುವ ಇಮ್ಯುನೊಫ್ಲೋರೆಸೆನ್ಸ್ ಎಂಬ ಪರೀಕ್ಷೆಗೆ ಫಾರ್ಮಲಿನ್ ಸೋಕದ ಚೂರೇ ಬೇಕು.

ಇಲ್ಲಿ ನನ್ನ ಮನಸ್ಸಿಗೆ ನೋವಾದ ಒಂದು ಘಟನೆ ಇದೆ. ಕೆಲವು ವರ್ಷಗಳ ಹಿಂದೆ ಬೇರೆ ಊರಿನ ಒಂದು ಆಸ್ಪತ್ರೆಯಿಂದ ಒಬ್ಬ ಹೆಣ್ಣುಮಗಳ ಬಯಾಪ್ಸಿ ಬಂತು. ಎರಡೂ ಎಳೆ ಒಂದೇ ಡಬ್ಬಿಯಲ್ಲಿ, ಎರಡೂ ಫಾರ್ಮಲಿನ್‌ನಲ್ಲಿ. ಯಾರೂ ಬೇಕೆಂದು ಮಾಡಿದ್ದಲ್ಲ. ಉಳಿದೆಲ್ಲ ಬಯಾಪ್ಸಿಗೆ ಹಾಗೇ ಮಾಡುತ್ತಾರೆ, ಕಿಡ್ನಿಗೂ ಮಾಡಿದ್ದರು. ಫಾರ್ಮಲಿನ್‌ಗೆ ಹಾಕಿದ ಚೂರಿನ ಮೇಲೂ ಆ ಪರೀಕ್ಷೆ ಮಾಡಲು ದಾರಿ ಇದೆ, ಆದರೆ ಉತ್ತರ ಅಷ್ಟು ಖಚಿತ ಬರುವುದಿಲ್ಲ. ಆ ಹೆಣ್ಣುಮಗಳು ಮತ್ತೊಮ್ಮೆ ಸೂಜಿ ಹಾಕಿಸಿಕೊಳ್ಳಬೇಕಾಯಿತು. ಅದಕ್ಕೇ ನಾನು ಎಲ್ಲರಿಗೂ ಹೇಳುತ್ತೇನೆ: ನಿಮ್ಮ ಮನೆಯವರಿಗೆ ಕಿಡ್ನಿ ಬಯಾಪ್ಸಿ ಅಂದರೆ, “ಇಮ್ಯುನೊಫ್ಲೋರೆಸೆನ್ಸ್‌ಗೆ ಬೇರೆ ಡಬ್ಬಿ ಇಟ್ಟೀರೇನ್ರಿ?” ಅಂತ ಒಂದು ಮಾತು ಕೇಳಿ. ಕೇಳಿದ್ದಕ್ಕೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಫಾರ್ಮಲಿನ್‌ನಲ್ಲಿ ಗಟ್ಟಿಯಾದ ಚೂರಿನ ನೀರನ್ನು ಆಲ್ಕೋಹಾಲ್ ಹಂತಹಂತವಾಗಿ ಎಳೆಯುತ್ತದೆ. ಆಮೇಲೆ ಝೈಲಿನ್ ಎಂಬ ದ್ರಾವಕ, ಆಮೇಲೆ ಕಾದ ಮೇಣ. ಮೇಣ ಚೂರಿನ ಒಳಗೆಲ್ಲ ತುಂಬಿ ಆರಿದರೆ ಒಂದು ಬಿಲ್ಲೆ ಸಿಗುತ್ತದೆ. ನಾವು ಬ್ಲಾಕ್ ಅನ್ನುತ್ತೇವೆ. ಆ ಬ್ಲಾಕನ್ನು ಮೈಕ್ರೋಟೋಮ್ ಎಂಬ ಯಂತ್ರದ ಅಲಗಿನಲ್ಲಿ ಕೊಯ್ಯಬೇಕು. ಬೇರೆ ಬಯಾಪ್ಸಿಗೆ 4–5 ಮೈಕ್ರಾನ್ ದಪ್ಪ ಇದ್ದರೆ ಸಾಕು. ಕಿಡ್ನಿಗೆ 2–3 ಮೈಕ್ರಾನ್ ಬೇಕು. ಸಾವಿರ ಮೈಕ್ರಾನ್ ಸೇರಿದರೆ ಒಂದು ಮಿಲಿಮೀಟರ್, ಲೆಕ್ಕ ಹಾಕಿ. ಸ್ವಲ್ಪ ದಪ್ಪ ಆದರೂ ಜೀವಕೋಶಗಳು ಒಂದರ ಮೇಲೊಂದು ಬಿದ್ದು, ಇಲ್ಲದ ಊತ ಇದ್ದ ಹಾಗೆ ಕಾಣುತ್ತದೆ. ಬಳ್ಳಾರಿಯ ಏಪ್ರಿಲ್ ಬಿಸಿಲಿನಲ್ಲಿ ಇದು ಸುಲಭದ ಕೆಲಸ ಅಲ್ಲ. ಮೇಣ ಮೆತ್ತಗಾಗುತ್ತದೆ, ಕೊಯ್ದ ಪದರ ಮುದುಡುತ್ತದೆ. ಬ್ಲಾಕನ್ನು ಐಸ್ ಮೇಲಿಟ್ಟು, ನಾಲ್ಕು ಕೊಯ್ದು, ಮತ್ತೆ ಐಸ್ ಮೇಲಿಟ್ಟು ಮುಂದುವರಿಯಬೇಕು.

ಒಂದೇ ಪದರ ಸಾಲದು. ಕೆಲವು ಕಾಯಿಲೆ ಎಲ್ಲ ಉಂಡೆಗಳಿಗೂ ತಗಲುವುದಿಲ್ಲ. ಹತ್ತರಲ್ಲಿ ಎರಡು ಉಂಡೆಗೆ, ಅದೂ ಒಂದು ಮೂಲೆಗೆ ಮಾತ್ರ ಗಾಯ ಆಗಿರಬಹುದು. ಅದಕ್ಕೇ ಒಂದರ ಹಿಂದೆ ಒಂದು ಹತ್ತಾರು ಪದರ ಕೊಯ್ದು ಬೇರೆ ಬೇರೆ ಸ್ಲೈಡಿಗೆ ಏರಿಸುತ್ತೇವೆ. ಚೂರಿನಲ್ಲಿ ಕನಿಷ್ಠ ಎಂಟು ಹತ್ತು ಉಂಡೆ ಸಿಕ್ಕರೆ ಡಾಕ್ಟರಿಗೆ ಧೈರ್ಯ. ರಿಪೋರ್ಟಿನ ಮೊದಲ ಸಾಲಿನಲ್ಲೇ ಎಷ್ಟು ಗ್ಲೊಮೆರುಲಸ್ ಸಿಕ್ಕಿವೆ ಅಂತ ಬರೆಯುವುದು ಇದಕ್ಕೇ.

ಹೀಗೆ ಸ್ಲೈಡಿಗೆ ಏರಿದ ಪದರವನ್ನು ಬಣ್ಣ ಇಲ್ಲದೆ ನೋಡಿದರೆ ಹೆಚ್ಚೇನೂ ಕಾಣುವುದಿಲ್ಲ. ಗಾಜಿನ ಮೇಲೆ ಗಾಜು ಇಟ್ಟ ಹಾಗೆ. ಹುಡುಗನಿಗೆ ನಾನು ಹೇಳಿದ್ದು ಜೀನ್ಸಿನ ಲೆಕ್ಕದಲ್ಲಿ. ಜೀನ್ಸ್ ಬಟ್ಟೆಯ ಹಾಸು ನೀಲಿ, ಹೊಕ್ಕು ಬಿಳಿ. ಎರಡೂ ಬಿಳಿಯೇ ಇದ್ದಿದ್ದರೆ ನೇಯ್ಗೆ ಹೇಗಿದೆ ಅಂತ ದೂರದಿಂದ ಗೊತ್ತಾಗುತ್ತಿತ್ತಾ? ಕಿಡ್ನಿಯ ಪದರದಲ್ಲೂ ಹಾಸು ಹೊಕ್ಕು ಇವೆ. ಯಾವ ಬಣ್ಣ ಯಾವ ಎಳೆಯನ್ನು ಹಿಡಿಯುತ್ತದೆ ಅಂತ ಗೊತ್ತಿದ್ದರೆ ನೇಯ್ಗೆ ಎಲ್ಲಿ ಕೆಟ್ಟಿದೆ ಅಂತ ಕಾಣುತ್ತದೆ. ಒಂದು ಬಣ್ಣ ಅಂದರೆ ಒಂದು ಪ್ರಶ್ನೆ. ಒಂದೇ ಪ್ರಶ್ನೆಗೆ ಕಿಡ್ನಿ ಪೂರ್ತಿ ಉತ್ತರ ಕೊಡುವುದಿಲ್ಲ.

ಮೊದಲ ಪ್ರಶ್ನೆ ಯಾವಾಗಲೂ ಹೆಮಟಾಕ್ಸಿಲಿನ್ ಮತ್ತು ಇಯೋಸಿನ್‌ದು. ಎಚ್ ಅಂಡ್ ಇ ಅನ್ನುತ್ತೇವೆ. ಹೆಮಟಾಕ್ಸಿಲಿನ್ ಸಿಗುವುದು ಮಧ್ಯ ಅಮೆರಿಕದ ಒಂದು ಮರದ ಕೆಚ್ಚಿನಿಂದ. ಒಂದು ಕಾಲಕ್ಕೆ ಇದೇ ಮರದಿಂದ ಬಟ್ಟೆಗೆ ಬಣ್ಣ ಹಾಕುತ್ತಿದ್ದರು. ಬರೀ ಬಣ್ಣ ಎಳೆಗೆ ಅಂಟುವುದಿಲ್ಲ, ಹಿಡಿಸಲು ಪಟಿಕ ಬೇಕು. ಕ್ಷೌರದಂಗಡಿಯಲ್ಲಿ ಗಡ್ಡ ಮಾಡಿದ ಮೇಲೆ ಉಜ್ಜುತ್ತಾರಲ್ಲ, ಅದೇ ಜಾತಿಯ ಪಟಿಕ. ಜೀವಕೋಶದ ನಡುವಿನ ಬೀಜಕ್ಕೆ ಈ ಬಣ್ಣ ಹಿಡಿಯುತ್ತದೆ. ಹಿಡಿದಾಗ ಕೆಂಪು ನೇರಳೆಯಂತಿರುತ್ತದೆ. ನಲ್ಲಿ ನೀರಿನಲ್ಲಿ ತೊಳೆದರೆ ನೀಲಿಗೆ ತಿರುಗುತ್ತದೆ, ಯಾಕಂದರೆ ಅದಕ್ಕೆ ಸ್ವಲ್ಪ ಕ್ಷಾರದ ನೀರು ಬೇಕು. ಮೆದು ನೀರಿನ ಊರುಗಳ ಲ್ಯಾಬಿನಲ್ಲಿ ಇದಕ್ಕಾಗಿಯೇ ನೀರಿಗೆ ಕ್ಷಾರದ ಉಪ್ಪು ಬೆರೆಸಿ ದ್ರಾವಣ ಮಾಡಿಕೊಳ್ಳುತ್ತಾರೆ. ನಮಗೆ ಆ ಚಿಂತೆ ಇಲ್ಲ. ಬೇಳೆ ಬೇಯದ ನಮ್ಮ ಗಡಸು ನೀರು ಈ ಒಂದು ಕೆಲಸಕ್ಕೆ ಹೇಳಿ ಮಾಡಿಸಿದ ಹಾಗಿದೆ. ಇಯೋಸಿನ್ ಉಳಿದ ಭಾಗಕ್ಕೆ ಗುಲಾಬಿ ಕೊಡುತ್ತದೆ. ಗ್ರೀಕರ ಉಷಾದೇವಿ ಇಯೋಸ್ ಹೆಸರನ್ನೇ ಇದಕ್ಕಿಟ್ಟಿದ್ದಾರೆ.

ಎಚ್ ಅಂಡ್ ಇ ನೋಡಿದರೆ ಊರಿನ ನಕ್ಷೆ ಸಿಗುತ್ತದೆ. ಉಂಡೆ ಎಲ್ಲಿದೆ, ನಳಿಕೆ ಎಲ್ಲಿದೆ, ಬಿಳಿ ರಕ್ತಕಣ ನುಗ್ಗಿವೆಯಾ, ರಕ್ತನಾಳ ದಪ್ಪವಾಗಿದೆಯಾ. ಹುಡುಗನ ತಂದೆಯ ಸ್ಲೈಡಿನಲ್ಲಿ ಉಂಡೆಗಳ ಒಳಗೆ ಮಾಸಲು ಗುಲಾಬಿ ಬಣ್ಣದ ಏನೋ ಸೇರಿತ್ತು. ಸಕ್ಕರೆ ಕಾಯಿಲೆಯಲ್ಲೂ ಹಾಗೆ ಸೇರುತ್ತದೆ. ಈ ಬಣ್ಣಕ್ಕೆ ಅದಕ್ಕಿಂತ ಹೆಚ್ಚು ಹೇಳಲು ಆಗುವುದಿಲ್ಲ. ಎಲ್ಲವೂ ಗುಲಾಬಿಯೇ.

ಎರಡನೆಯದು ಪಿಎಎಸ್. ಕಿಡ್ನಿ ನೋಡುವವರ ಅಚ್ಚುಮೆಚ್ಚಿನ ಬಣ್ಣ ಇದು, ನನಗೂ. ಸೋಸುವ ಗೋಡೆಯಲ್ಲಿ ಸಕ್ಕರೆ ಅಂಟಿದ ಪ್ರೋಟೀನುಗಳಿವೆ. (ಇದು ಸಕ್ಕರೆ ಕಾಯಿಲೆಯ ಸಕ್ಕರೆ ಅಲ್ಲ, ಎಲ್ಲರ ಮೈಯಲ್ಲೂ ಇರುವಂಥದ್ದು.) ಪೀರಿಯಾಡಿಕ್ ಆಸಿಡ್ ಆ ಸಕ್ಕರೆಯನ್ನು ಒಡೆದು ಆಲ್ಡಿಹೈಡ್ ಮಾಡುತ್ತದೆ. ಆಮೇಲೆ ಸ್ಲೈಡನ್ನು ಷಿಫ್ ದ್ರಾವಣದಲ್ಲಿ ಅದ್ದುತ್ತೇವೆ. ಹ್ಯೂಗೊ ಷಿಫ್ 1866ರಲ್ಲಿ ಇದನ್ನು ಕಂಡುಹಿಡಿದ. ಈ ದ್ರಾವಣ ನೋಡಲು ನೀರಿನಂತೆ, ಬಣ್ಣವೇ ಇಲ್ಲ. ಆಲ್ಡಿಹೈಡ್ ಸಿಕ್ಕಲ್ಲಿ ಮಾತ್ರ ಬಣ್ಣ ಏಳುತ್ತದೆ. ದ್ರಾವಣದಿಂದ ತೆಗೆದಾಗ ಸ್ಲೈಡ್ ಪೇಲವ ಗುಲಾಬಿ. ಉಗುರುಬೆಚ್ಚಗಿನ ನೀರನ್ನು ಹರಿಬಿಟ್ಟರೆ ಹತ್ತು ನಿಮಿಷದಲ್ಲಿ ಕಣ್ಣೆದುರೇ ಗಾಢ ಕೆನ್ನೇರಳೆ ಬರುತ್ತದೆ. ಇಷ್ಟು ವರ್ಷ ಆದರೂ ನಾನು ಆ ಹತ್ತು ನಿಮಿಷ ಬೇರೆ ಕೆಲಸಕ್ಕೆ ಹೋಗುವುದಿಲ್ಲ, ನಿಂತು ನೋಡುತ್ತೇನೆ.

ಪಿಎಎಸ್ ಹಾಕಿದರೆ ಸೋಸುವ ಗೋಡೆಯ ಅಂಚು ಪೆನ್ಸಿಲಿನಲ್ಲಿ ಬರೆದ ಹಾಗೆ ಮೂಡುತ್ತದೆ. ಗೋಡೆ ದಪ್ಪ ಆಗಿದೆಯಾ, ಉಂಡೆಯ ನಡುವಿನ ಹಂದರ ಬೆಳೆದಿದೆಯಾ, ಎಲ್ಲ ತಿಳಿಯುತ್ತದೆ. ಸಕ್ಕರೆ ಕಾಯಿಲೆಯಲ್ಲಿ ಕೆಲವರ ಉಂಡೆಯೊಳಗೆ ಗುಂಡು ಗುಂಡಾದ ಗಂಟುಗಳು ಬೆಳೆಯುತ್ತವೆ. 1936ರಲ್ಲಿ ಕಿಮ್ಮೆಲ್‌ಸ್ಟೀಲ್ ಮತ್ತು ವಿಲ್ಸನ್ ಇವನ್ನು ಗುರುತಿಸಿದರು. ಆ ಗಂಟುಗಳು ಪಿಎಎಸ್‌ನಲ್ಲಿ ಗಾಢ ಬಣ್ಣ ಹಿಡಿಯುತ್ತವೆ. ಈ ತಂದೆಯ ಸ್ಲೈಡಿನಲ್ಲಿ ನಡುವೆ ಸೇರಿದ್ದ ವಸ್ತು ಗಾಢವಾಗಲಿಲ್ಲ. ಸುತ್ತಲಿನ ಗೋಡೆ ಕೆನ್ನೇರಳೆ, ಅದು ಮಾತ್ರ ತೊಳೆದ ಬಟ್ಟೆಯ ಹಾಗೆ ಪೇಲವ. ನಮ್ಮ ಡಾಕ್ಟರ್ ಮೇಡಂ ತಲೆ ಎತ್ತಿ, “ಸಿಲ್ವರ್ ಬೇಗ ಕೊಡಮ್ಮಾ” ಅಂದರು.

ಬೇಗ ಕೊಡಿ ಅಂದರೆ ಬೇಗ ಆಗುವ ಬಣ್ಣ ಅದಲ್ಲ. ಜೋನ್ಸ್ ಸಿಲ್ವರ್ ಎಂಬ ಈ ವಿಧಾನ 1957ರದ್ದು. ಇದು ಬಣ್ಣ ಹಾಕುವುದಕ್ಕಿಂತ ಹಳೇ ಕಾಲದ ಫೋಟೋ ತೊಳೆಯುವುದಕ್ಕೆ ಹತ್ತಿರ. ಇಲ್ಲೂ ಮೊದಲು ಪೀರಿಯಾಡಿಕ್ ಆಸಿಡ್. ಆಮೇಲೆ ಬೆಳ್ಳಿಯ ದ್ರಾವಣದಲ್ಲಿ ಸ್ಲೈಡ್ ಇಟ್ಟು ಬಿಸಿ ಮಾಡಬೇಕು. ದ್ರಾವಣದ ಬೆಳ್ಳಿ ಸೋಸುವ ಗೋಡೆಯ ಮೇಲೆ ಕಪ್ಪಾಗಿ ಕೂರುತ್ತದೆ. ಎಷ್ಟು ಹೊತ್ತು ಅಂತ ಗಡಿಯಾರ ಹೇಳುವುದಿಲ್ಲ. ತೆಗೆದು ಮೈಕ್ರೋಸ್ಕೋಪಿನಲ್ಲಿ ನೋಡಬೇಕು, ಸಾಲದಿದ್ದರೆ ಮತ್ತೆ ಇಡಬೇಕು. ಒಂದು ನಿಮಿಷ ಜಾಸ್ತಿ ಆದರೆ ಎಲ್ಲ ಕಪ್ಪು. ಲೋಹದ ಚಿಮಟ ಸೋಕಿಸುವ ಹಾಗಿಲ್ಲ. ನಲ್ಲಿ ನೀರನ್ನಂತೂ ಹತ್ತಿರ ಬಿಡಬಾರದು. ಎಚ್ ಅಂಡ್ ಇ ಬಣ್ಣಕ್ಕೆ ಉಪಕಾರ ಮಾಡಿದ ಅದೇ ನೀರಿನ ಉಪ್ಪು ಇಲ್ಲಿ ಬೆಳ್ಳಿಯ ಜೊತೆ ಸೇರಿ ಸ್ಲೈಡಿನ ತುಂಬ ಕೊಳೆ ಕೂರಿಸುತ್ತದೆ. ಡಿಸ್ಟಿಲ್ಡ್ ವಾಟರ್ ಬೇಕು, ಗಾಜಿನ ಪಾತ್ರೆ ಅದರಲ್ಲೇ ತೊಳೆದಿರಬೇಕು. ಕೊನೆಗೆ ಗೋಲ್ಡ್ ಕ್ಲೋರೈಡ್ ಹಾಕಿ ಬಣ್ಣ ಹದ ಮಾಡುತ್ತೇವೆ. ಹೌದು, ಬಂಗಾರದ್ದೇ. ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ನೆಲದಿಂದ ತೆಗೆಯುತ್ತಾರಲ್ಲ, ಆ ಬಂಗಾರ. ಉಳಿದ ಬೆಳ್ಳಿಯನ್ನು ಹೈಪೋದಲ್ಲಿ ತೊಳೆದುಬಿಟ್ಟರೆ ಮುಗಿಯಿತು. ಫೋಟೋ ಸ್ಟುಡಿಯೋದವರಿಗೆ ಹೈಪೋ ಗೊತ್ತಿರುತ್ತದೆ.

ಇಷ್ಟು ಕಷ್ಟಕ್ಕೆ ಸಿಗುವುದೇನು? ಸೋಸುವ ಗೋಡೆ ಮಾತ್ರ ಕಪ್ಪು ಗೆರೆಯಾಗಿ ಉಳಿಯುತ್ತದೆ. ಮೆಂಬ್ರೇನಸ್ ಎಂಬ ಕಾಯಿಲೆಯಲ್ಲಿ ಗೋಡೆಯ ಹೊರಮೈಗೆ ರೋಗನಿರೋಧಕ ಪ್ರೋಟೀನಿನ ಹುಂಡುಗಳು ಅಂಟುತ್ತವೆ. ಗೋಡೆ ಅವುಗಳ ನಡುವೆ ಮುಳ್ಳಿನ ಹಾಗೆ ಬೆಳೆಯುತ್ತದೆ. ಹುಂಡು ಬೆಳ್ಳಿ ಹಿಡಿಯುವುದಿಲ್ಲ, ಮುಳ್ಳು ಹಿಡಿಯುತ್ತದೆ. ಬಾಚಣಿಗೆಯ ಹಲ್ಲಿನ ಹಾಗೆ ಸಾಲಾಗಿ ಕಾಣುತ್ತದೆ. ಇನ್ನೊಂದು ಕಾಯಿಲೆಯಲ್ಲಿ ಒಂದೇ ಗೋಡೆ ಎರಡಾಗಿ ರೈಲಿನ ಹಳಿಯಂತೆ ಕಾಣುತ್ತದೆ. ಎಚ್ ಅಂಡ್ ಇಯಲ್ಲಿ ಎರಡೂ ಬರೀ ದಪ್ಪ ಗೋಡೆ. ಇನ್ನು ಈ ಹುಡುಗನ ತಂದೆಯ ಸ್ಲೈಡಿನಲ್ಲಿ ಆ ಪೇಲವ ವಸ್ತು ಬೆಳ್ಳಿಯನ್ನೂ ಹಿಡಿಯಲಿಲ್ಲ. ಸಕ್ಕರೆ ಕಾಯಿಲೆಯ ಗಂಟಾಗಿದ್ದರೆ ಹಿಡಿಯುತ್ತಿತ್ತು.

ಮೇಸನ್ ಟ್ರೈಕ್ರೋಮ್ ಬಗ್ಗೆ ಹುಡುಗನಿಗೆ ಹೇಳುವುದು ಸುಲಭವಾಯಿತು, ಯಾಕಂದರೆ ಅದರ ಕೆಲಸ ವಾಷಿಂಗ್ ಘಟಕದಂತೆಯೇ. ಪಿಯರ್ ಮೇಸನ್ 1929ರಲ್ಲಿ ಕೊಟ್ಟ ವಿಧಾನ ಇದು. ಮೊದಲು ಎಲ್ಲ ಕಡೆ ಕೆಂಪು ಬಣ್ಣ ಹಿಡಿಸುತ್ತೇವೆ. ಆಮೇಲೆ ಒಂದು ಆಸಿಡ್ ಹಾಕಿದರೆ ಕೊಲಾಜೆನ್ ಎಂಬ ನಾರಿನಿಂದ ಕೆಂಪು ಬಿಡುತ್ತದೆ. ಗಾಯ ಮಾಗಿ ಕಲೆಗಟ್ಟಿದ ಜಾಗದಲ್ಲಿ ತುಂಬುವುದು ಈ ನಾರೇ. ಬಿಟ್ಟ ಜಾಗಕ್ಕೆ ನೀಲಿ ತುಂಬುತ್ತೇವೆ. ಜೀನ್ಸಿನ ಮಂಡಿ ಹತ್ತಿರ ಮಾತ್ರ ಬಣ್ಣ ಇಳಿಸುತ್ತಾರಲ್ಲ, ಹಾಗೆ. ಸರಿಯಿರುವ ಕಿಡ್ನಿಯಲ್ಲೂ ಸ್ವಲ್ಪ ನೀಲಿ ಇರುತ್ತದೆ. ಇರಬಾರದ ಕಡೆ ನೀಲಿ ಹರಡಿದ್ದರೆ ಅಲ್ಲಿ ಕಿಡ್ನಿ ಕಲೆಗಟ್ಟಿದೆ ಅಂತ ಅರ್ಥ. ನಳಿಕೆಗಳ ನಡುವೆ ನೂರಕ್ಕೆ ಎಷ್ಟು ಪಾಲು ನೀಲಿ ಅಂತ ಡಾಕ್ಟರು ಅಂದಾಜು ಮಾಡಿ ಬರೆಯುತ್ತಾರೆ. ರಿಪೋರ್ಟಿನಲ್ಲಿ ರೋಗಿಯ ಮುಂದಿನ ದಾರಿಯನ್ನು ಅತಿ ಹೆಚ್ಚು ಹೇಳುವ ಅಂಕಿ ಅದು ಅಂತ ನನ್ನ ನಂಬಿಕೆ. ಕಾಯಿಲೆ ಯಾವುದೇ ಇರಲಿ, ಕಲೆಗಟ್ಟಿದ ಭಾಗ ಔಷಧಿಯಿಂದ ವಾಪಸ್ ಬರುವುದಿಲ್ಲ. ಕಲೆ ಕಡಿಮೆ ಇದ್ದರೆ ಉಳಿಸಿಕೊಳ್ಳಲು ಇನ್ನೂ ತುಂಬ ಇದೆ ಅಂತ ಲೆಕ್ಕ. ಈ ತಂದೆಗೆ ನೀಲಿ ಕಡಿಮೆಯೇ ಇತ್ತು.

ಈ ಹೊತ್ತಿಗೆ ಮಿಶೆಲ್ಸ್ ದ್ರಾವಣದ ಚೂರು ಬೆಂಗಳೂರು ಸೇರಿತ್ತು. ಇಮ್ಯುನೊಫ್ಲೋರೆಸೆನ್ಸ್ ನಮ್ಮ ಲ್ಯಾಬಿನಲ್ಲಿ ಇಲ್ಲ. ದಿನ ಹೆಚ್ಚಾಗಲು ಇದೂ ಒಂದು ಕಾರಣ. ಅಲ್ಲಿ ಚೂರನ್ನು ಮೈನಸ್ 20 ಡಿಗ್ರಿ ಆಸುಪಾಸಿನಲ್ಲಿ ಹೆಪ್ಪುಗಟ್ಟಿಸಿ ಕೊಯ್ಯುತ್ತಾರೆ. ಇಲ್ಲಿ ಬಣ್ಣದ ಬದಲು ಆಂಟಿಬಾಡಿ ಹಾಕುತ್ತಾರೆ. ಒಂದೊಂದು ಆಂಟಿಬಾಡಿ ಒಂದೇ ಪ್ರೋಟೀನಿಗೆ ಅಂಟುತ್ತದೆ, ಬೀಗಕ್ಕೆ ಅದರದೇ ಕೀಲಿ ಕೂಡುವ ಹಾಗೆ. ಅದರ ಬಾಲಕ್ಕೆ ಹೊಳೆಯುವ ವಸ್ತು ಕಟ್ಟಿರುತ್ತದೆ. ಕತ್ತಲೆ ಕೋಣೆಯಲ್ಲಿ ನೀಲಿ ಬೆಳಕು ಬಿಟ್ಟರೆ ಅಂಟಿದ ಜಾಗ ಹಸಿರಾಗಿ ಹೊಳೆಯುತ್ತದೆ. ಆಲ್ಬರ್ಟ್ ಕೂನ್ಸ್ 1940ರ ದಶಕದ ಆರಂಭದಲ್ಲಿ ಕೊಟ್ಟ ಉಪಾಯ ಇದು. ಐಜಿಜಿ, ಐಜಿಎ, ಐಜಿಎಂ, ಸಿ3, ಸಿ1ಕ್ಯೂ, ಕಪ್ಪಾ, ಲ್ಯಾಂಬ್ಡಾ ಹೀಗೆ ಒಂದೊಂದು ರೋಗನಿರೋಧಕ ಪ್ರೋಟೀನಿಗೂ ಬೇರೆ ಸ್ಲೈಡ್.

ಏನು ಹೊಳೆಯಿತು ಅನ್ನುವಷ್ಟೇ ಹೇಗೆ ಹೊಳೆಯಿತು ಅನ್ನುವುದೂ ಮುಖ್ಯ. ಗೋಡೆಯ ಉದ್ದಕ್ಕೂ ಐಜಿಜಿ ರಂಗೋಲಿ ಎಳೆಯಂತೆ ನುಣ್ಣಗೆ ಹೊಳೆದರೆ ಅದು ಗೋಡೆಯ ಮೇಲೇ ಮೈ ದಾಳಿ ಮಾಡುವ ಕಾಯಿಲೆ, ತುರ್ತು. ಅದೇ ಐಜಿಜಿ ಪುಡಿಪುಡಿಯಾಗಿ ಹೊಳೆದರೆ ಮೆಂಬ್ರೇನಸ್ ಕಡೆ ಯೋಚನೆ. ಹೆಚ್ಚುಕಮ್ಮಿ ಎಲ್ಲವೂ ಹೊಳೆದರೆ ಲೂಪಸ್ ಇರಬಹುದು. ಉಂಡೆಯ ನಡುವೆ ಐಜಿಎ ಮುಖ್ಯವಾಗಿ ಹೊಳೆದರೆ ಐಜಿಎ ನೆಫ್ರೋಪತಿ. ಇದನ್ನು ಬರ್ಜರ್ ಮತ್ತು ಇಂಗ್ಲೇ ಎಂಬ ಫ್ರೆಂಚ್ ಡಾಕ್ಟರುಗಳು 1968ರಲ್ಲಿ ಮೊದಲು ವಿವರಿಸಿದರು. ಐಜಿಎಗೆ ಅಂಟುವ ಆಂಟಿಬಾಡಿ ಹಾಕದೆ ಬರೀ ಬಣ್ಣದಿಂದ ಈ ಕಾಯಿಲೆಯನ್ನು ಖಚಿತ ಹೇಳಲು ಆಗುವುದಿಲ್ಲ. ಆ ಬೇರೆ ಡಬ್ಬಿಗಾಗಿ ನಾನು ಇಷ್ಟು ಒತ್ತಿ ಹೇಳುವುದು ಅದಕ್ಕೇ.

ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಎಲ್ಲರಿಗೂ ಬೇಕಾಗುವುದಿಲ್ಲ, ಎಲ್ಲ ಕಡೆ ಸಿಗುವುದೂ ಇಲ್ಲ. ಅಲ್ಲಿ ಬಣ್ಣ ಇಲ್ಲ, ಎಲ್ಲ ಕಪ್ಪು ಬಿಳುಪು. ಮಿನಿಮಲ್ ಚೇಂಜ್ ಎಂಬ ಕಾಯಿಲೆ ಇದೆ, ಮಕ್ಕಳಲ್ಲಿ ಜಾಸ್ತಿ. ಮೈಯೆಲ್ಲ ಊದಿರುತ್ತದೆ, ಆದರೆ ಯಾವ ಬಣ್ಣ ಹಾಕಿದರೂ ಉಂಡೆ ಸರಿಯಾಗೇ ಕಾಣುತ್ತದೆ. ಸೋಸುವ ಗೋಡೆಯನ್ನು ಹೊರಗಿನಿಂದ ಬೆರಳು ಹೆಣೆದು ಹಿಡಿದಿರುವ ಕೋಶಗಳಿವೆ. ಆ ಬೆರಳುಗಳು ಚಪ್ಪಟೆಯಾಗಿ ಒಂದಕ್ಕೊಂದು ಬೆರೆತಿರುವುದು ಎಲೆಕ್ಟ್ರಾನ್ ಮೈಕ್ರೋಸ್ಕೋಪಿಗೆ ಮಾತ್ರ ಕಾಣುತ್ತದೆ. ಇಂಥ ಮಕ್ಕಳಲ್ಲಿ ಹೆಚ್ಚಿನವರು ಸ್ಟಿರಾಯ್ಡಿಗೆ ಚೆನ್ನಾಗಿ ಸುಧಾರಿಸುವುದರಿಂದ ಅವರಿಗೆ ಮೊದಲೇ ಬಯಾಪ್ಸಿ ಮಾಡುವುದಿಲ್ಲ.

ಹುಡುಗನ ತಂದೆಯ ವಿಷಯಕ್ಕೆ ಬರುತ್ತೇನೆ. ಪೇಲವ ಗುಲಾಬಿ, ಪಿಎಎಸ್ ಹಿಡಿಯದು, ಬೆಳ್ಳಿ ಹಿಡಿಯದು. ಉಳಿದ ಅನುಮಾನ ಅಮೈಲಾಯ್ಡ್. ಒಂದು ಪ್ರೋಟೀನ್ ತಪ್ಪಾಗಿ ಮಡಚಿಕೊಂಡು ನಾರಾಗಿ ಕಿಡ್ನಿಯಲ್ಲಿ ಕೂರುವ ಕಾಯಿಲೆ. ಅದಕ್ಕೆ ಹಾಕುವ ಬಣ್ಣ ಕಾಂಗೊ ರೆಡ್.

ಕಾಂಗೊ ರೆಡ್ ಹುಟ್ಟಿದ್ದು ಬಟ್ಟೆಗೆ. ಪೌಲ್ ಬ್ಯೋಟಿಗರ್ ಎಂಬ ಜರ್ಮನ್ ರಸಾಯನ ತಜ್ಞ 1883ರಲ್ಲಿ ಮಾಡಿದ. ಪಟಿಕದಂಥ ಏನೂ ಇಲ್ಲದೆ ನೇರವಾಗಿ ಹತ್ತಿಗೆ ಹಿಡಿಯುವ ಮೊದಲ ಕೃತಕ ಬಣ್ಣ ಅದು, ಹಾಗಾಗಿ ಗಿರಣಿಗಳಲ್ಲಿ ಹೆಸರಾಯಿತು. ಹುಳಿ ತಾಗಿದರೆ ಬಣ್ಣ ಬದಲಾಗುತ್ತದೆ, ಅದಕ್ಕೇ ಬಟ್ಟೆಯಲ್ಲಿ ಬಹಳ ಕಾಲ ನಿಲ್ಲಲಿಲ್ಲ. ಲ್ಯಾಬಿನಲ್ಲಿ ನಿಂತಿತು. 1922ರಲ್ಲಿ ಬೆನ್‌ಹೋಲ್ಡ್ ಅದು ಅಮೈಲಾಯ್ಡನ್ನು ಹಿಡಿಯುತ್ತದೆ ಅಂತ ತೋರಿಸಿದ. 1927ರಲ್ಲಿ ಡಿವ್ರಿ ಇನ್ನೊಂದು ಗುಟ್ಟು ಹೇಳಿದ. ಬಣ್ಣ ಹಾಕಿದ ಸ್ಲೈಡನ್ನು ಪೋಲರೈಸ್ ಮಾಡಿದ, ಅಂದರೆ ಫಿಲ್ಟರಿನಿಂದ ಒಂದೇ ದಿಕ್ಕಿನ ಕಂಪನ ಉಳಿಸಿದ ಬೆಳಕಿನಲ್ಲಿ ನೋಡಿದರೆ ಕೆಂಪು ಇದ್ದಲ್ಲಿ ಹಸಿರು ಹೊಳೆಯುತ್ತದೆ. ಕೆಂಪು ಬೇರೆ ಕಡೆಯೂ ಹಿಡಿಯಬಹುದು, ಆ ಹಸಿರು ಬಂದರೆ ಮಾತ್ರ ಅಮೈಲಾಯ್ಡ್ ಅನ್ನಬೇಕು.

ಇದಕ್ಕೆ ಪದರ 8–10 ಮೈಕ್ರಾನ್ ದಪ್ಪ ಇರಬೇಕು. ಸಣ್ಣದಾಗಿ ಕೊಯ್ಯಲು ಕಲಿತ ಕೈಗೆ ದಪ್ಪ ಕೊಯ್ಯುವುದು ನೆನಪಿನಲ್ಲಿಟ್ಟು ಮಾಡಬೇಕಾದ ಕೆಲಸ. ಜೊತೆಗೆ ಅಮೈಲಾಯ್ಡ್ ಇದೆ ಅಂತ ಮೊದಲೇ ಗೊತ್ತಿರುವ ಹಳೇ ಸ್ಲೈಡೊಂದಕ್ಕೂ ಅದೇ ಬಣ್ಣ, ಅದೇ ಹೊತ್ತಿಗೆ ಹಾಕುತ್ತೇವೆ. ಅದರಲ್ಲಿ ಹಸಿರು ಬರದಿದ್ದರೆ ಬಣ್ಣವೇ ಕೆಟ್ಟಿದೆ, ರೋಗಿಯ ಸ್ಲೈಡನ್ನು ನಂಬಬಾರದು.

ಆ ಸಂಜೆ ಹಳೇ ಸ್ಲೈಡಿನಲ್ಲಿ ಹಸಿರು ಬಂತು. ತಂದೆಯ ಸ್ಲೈಡ್ ಇಟ್ಟು ಮೇಡಂ ಫಿಲ್ಟರ್ ನಿಧಾನ ತಿರುಗಿಸಿದರು. ಕಣ್ಣಿನ ಮುಂದೆ ಎಲ್ಲ ಕತ್ತಲಾಗಿ, ಉಂಡೆ ಇದ್ದ ಜಾಗದಲ್ಲಿ ಎಳೇ ಸೇಬಿನ ಹಸಿರು ಮಿಂಚಿತು. ಬೆಂಗಳೂರಿನಿಂದ ಕಪ್ಪಾ, ಲ್ಯಾಂಬ್ಡಾ ಎರಡೂ ಹೊಳೆದಿಲ್ಲ ಅಂತ ಬಂದಿತ್ತು. ಅಮೈಲಾಯ್ಡಿನ ಇನ್ನೊಂದು ಮುಖ್ಯ ಜಾತಿಯಾಗಿದ್ದರೆ ಸಾಮಾನ್ಯವಾಗಿ ಇವೆರಡರಲ್ಲಿ ಒಂದು ಹೊಳೆಯುತ್ತದೆ. ಹಾಗಾದರೆ ಬಹಳ ಕಾಲದ ಸೋಂಕಿನಿಂದ ಬರುವ ಎಎ ಎಂಬ ಜಾತಿ ಇರಬಹುದು. ಮೇಡಂ ಕಿಡ್ನಿ ಡಾಕ್ಟರಿಗೆ ಫೋನ್ ಮಾಡಿ, ಹಳೇ ಟಿಬಿ ಇತ್ತೇನು ಅಂತ ಕೇಳಿದರು. ನಮ್ಮ ದೇಶದಲ್ಲಿ ಎಎ ಅಮೈಲಾಯ್ಡಿಗೆ ಟಿಬಿ ಒಂದು ದೊಡ್ಡ ಕಾರಣ. ಇತ್ತು. ಮಾತ್ರೆ ಶುರು ಮಾಡಿ, ಆರಾಮ ಆಯಿತು ಅಂತ ನಡುವೆ ಬಿಟ್ಟಿದ್ದರು. ಸಕ್ಕರೆಯ ಮೇಲೇ ಕಣ್ಣಿಟ್ಟಿದ್ದ ಎಲ್ಲರೂ ಈಗ ಎದೆಯ ಎಕ್ಸ್‌ರೇ, ಕಫ ಪರೀಕ್ಷೆಯ ಕಡೆ ತಿರುಗಿದರು. ಎಎ ಹೌದೋ ಅಲ್ಲವೋ ಅಂತ ಖಚಿತ ಮಾಡಲು ನಾನು ಇನ್ನೆರಡು ಪದರ ಕೊಯ್ದು ಕೊಟ್ಟೆ. ಎಎ ಅಂತಲೇ ಬಂತು.

ರಿಪೋರ್ಟ್ ಒಯ್ಯಲು ಹುಡುಗ ಬಂದಾಗ ಮೇಡಂ ಅವನನ್ನು ಒಳಗೆ ಕರೆದು ಮೈಕ್ರೋಸ್ಕೋಪಿನ ಮುಂದೆ ಕೂರಿಸಿದರು. ಮೊದಲು ಕೆಂಪು ತೋರಿಸಿ, ಆಮೇಲೆ ಫಿಲ್ಟರ್ ತಿರುಗಿಸಿದರು. ಅವನು ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ.

“ಇದು ಅರಿವಿಗೆ ಹಾಕೋ ಬಣ್ಣ ಅಂದ್ರಲ್ಲ ಮೇಡಂ?”

“ಹೌದಪ್ಪಾ, ಹತ್ತಿ ಅರಿವಿಗೆ ಅಂತಲೇ ಮಾಡಿದ್ದು.”

“ಮತ್ತ ಉಳಿದ ಪೀಸ್ ಏನ್ ಮಾಡ್ತೀರಿ?”

ಬ್ಲಾಕ್ ನಮ್ಮಲ್ಲೇ ಇರುತ್ತದೆ ಅಂದೆ. ಅದರ ಮೇಲೆ ನಂಬರ್ ಬರೆದಿರುತ್ತದೆ. ಬೇರೆ ಊರಿನ ಡಾಕ್ಟರಿಗೆ ತೋರಿಸಬೇಕು ಅನ್ನಿಸಿದರೆ ಅರ್ಜಿ ಬರೆದುಕೊಟ್ಟು ಬ್ಲಾಕನ್ನೋ ಸ್ಲೈಡನ್ನೋ ಒಯ್ಯಬಹುದು, ಮತ್ತೆ ಸೂಜಿ ಹಾಕಿಸಬೇಕಿಲ್ಲ. ಅವನು ಜೇಬಿನಿಂದ ಪೆನ್ನು ತೆಗೆದು ಆ ನಂಬರನ್ನು ರಿಪೋರ್ಟಿನ ಲಕೋಟೆಯ ಮೇಲೆ ಬರೆದುಕೊಂಡ.